ಹಾಲುಹಲ್ಲಿನ ತಿರುಳು: ಎಷ್ಟು ತೆಗೆಯಬೇಕು, ಎಷ್ಟು ಉಳಿಸಬೇಕು?

ರಾತ್ರಿ ಎರಡು ಗಂಟೆ. ಐದು ವರ್ಷದ ಮಗು ನಿದ್ದೆಯಿಂದ ಎದ್ದು ಕೂತು, ಕೆನ್ನೆ ಹಿಡಿದುಕೊಂಡು ಅಳುತ್ತಿದೆ. ಅಪ್ಪ ಮೊಬೈಲ್ ಟಾರ್ಚ್ ಹಚ್ಚಿ ಬಾಯಿ ತೆರೆಸುತ್ತಾರೆ. ಕೆಳದವಡೆಯ ಕೊನೆಯ ಹಲ್ಲಿನಲ್ಲಿ ಕಂದು ಬಣ್ಣದ ಗುಳಿ, ಅದರೊಳಗೆ ಸಂಜೆ ತಿಂದ ಬಿಸ್ಕತ್ತಿನ ಹಿಟ್ಟು. ಅಮ್ಮ ಉಪ್ಪುನೀರು ಕಾಯಿಸುತ್ತಾರೆ. ಅಜ್ಜಿ ಲವಂಗ ಜಜ್ಜಿ ಹತ್ತಿಯಲ್ಲಿ ಸುತ್ತಿ ತರುತ್ತಾರೆ. “ಹಾಲುಹಲ್ಲಲ್ವೇನೋ, ಹೇಗೂ ಬಿದ್ದುಹೋಗತ್ತೆ. ಬೆಳಗಾಗ್ಲಿ ಬಿಡು” ಎಂದು ಮಗನಿಗೆ ಸಮಾಧಾನ ಹೇಳುತ್ತಾರೆ. ಬೆಳಗಾಗುವಷ್ಟರಲ್ಲಿ ನೋವು ಇಳಿದಿರುತ್ತದೆ. ಮಗು ಶಾಲೆಯ ವ್ಯಾನು ಹತ್ತುತ್ತದೆ, ಡಾಕ್ಟರ ಬಳಿ ಹೋಗುವ ಮಾತು ಹಿಂದಕ್ಕೆ ಬೀಳುತ್ತದೆ.

ಮತ್ತೆರಡು ರಾತ್ರಿ ಹೀಗೇ ಕಳೆದ ಮೇಲೆ ದಂತವೈದ್ಯರ ಕುರ್ಚಿಯಲ್ಲಿ ಮಗುವನ್ನು ಕೂರಿಸಿದಾಗ, ಅವರು ಎಕ್ಸ್‌ರೇ ತೆಗೆದು ಒಂದು ಚೀಟಿ ಬರೆದುಕೊಡುತ್ತಾರೆ. ಕೆಳಗಿನ ಬಲಗಡೆ ಹಲ್ಲಿಗೆ ಪಲ್ಪೆಕ್ಟಮಿ, ಎಡಗಡೆಯದಕ್ಕೆ ಪಲ್ಪೋಟಮಿ, ಮೇಲಿನದಕ್ಕೆ ಬರೀ ಫಿಲ್ಲಿಂಗ್, ಮೊದಲೆರಡಕ್ಕೆ ಸ್ಟೀಲ್ ಕ್ಯಾಪ್. ಒಂದೇ ಬಾಯಿ, ಮೂರು ಹುಳುಕು ಹಲ್ಲು, ಮೂರು ಬೇರೆ ಬೇರೆ ಚಿಕಿತ್ಸೆ, ಮೂರು ಬೇರೆ ಬೇರೆ ದರ. ಪೋಷಕರು ಆ ಚೀಟಿಯನ್ನು ಹಿಡಿದು ಇನ್ನೊಬ್ಬ ವೈದ್ಯರ ಬಳಿ ಹೋಗುತ್ತಾರೆ. ಅಲ್ಲಿ ಬೇರೆಯೇ ಮಾತು ಕೇಳಿಸಿದರೆ ಯಾರನ್ನು ನಂಬಬೇಕೋ ತಿಳಿಯದಾಗುತ್ತದೆ.

ಆ ಚೀಟಿಯಲ್ಲಿರುವ ಹೆಸರುಗಳೆಲ್ಲ ಒಂದೇ ಪ್ರಶ್ನೆಗೆ ಕೊಟ್ಟ ಉತ್ತರಗಳು. ಹಲ್ಲಿನ ಒಳಗಿರುವ ತಿರುಳು ಎಷ್ಟರಮಟ್ಟಿಗೆ ಬದುಕಿದೆ ಎಂಬುದೇ ಆ ಪ್ರಶ್ನೆ.

ಬೀಳುವ ಹಲ್ಲಿಗೆ ಯಾಕಿಷ್ಟು ಆರೈಕೆ?

ಹಾಲುಹಲ್ಲುಗಳು ಒಟ್ಟು 20. ಸುಮಾರು ಆರು ತಿಂಗಳಿಗೆ ಮೊದಲನೆಯದು ಮೂಡಿ, ಎರಡೂವರೆ ವರ್ಷದ ಹೊತ್ತಿಗೆ ಎಲ್ಲವೂ ಬಂದಿರುತ್ತವೆ. ಮುಂದಿನ ಬಾಚಿಹಲ್ಲುಗಳು ಆರೇಳು ವರ್ಷಕ್ಕೆ ಬೀಳುವುದನ್ನು ನಾವೆಲ್ಲ ನೋಡಿದ್ದೇವೆ. ಅದನ್ನೇ ಲೆಕ್ಕಕ್ಕೆ ಹಿಡಿದು ಎಲ್ಲ ಹಾಲುಹಲ್ಲೂ ಆಗಲೇ ಬೀಳುತ್ತವೆ ಎಂದುಕೊಳ್ಳುತ್ತೇವೆ. ಹಿಂದಿನ ದವಡೆ ಹಲ್ಲುಗಳ ಕತೆ ಬೇರೆ. ಅವು ಬೀಳುವುದು ಒಂಬತ್ತರಿಂದ ಹನ್ನೆರಡನೇ ವರ್ಷದ ನಡುವೆ. ಐದು ವರ್ಷದ ಮಗುವಿನ ಎರಡನೇ ದವಡೆ ಹಲ್ಲು ಹುಳುಕಾದರೆ, ಅದು ಇನ್ನೂ ಐದಾರು ವರ್ಷ ಊಟ ಅಗಿಯಬೇಕಾದ ಹಲ್ಲು.

ಅಗಿಯುವುದಕ್ಕಿಂತಲೂ ದೊಡ್ಡ ಕೆಲಸ ಇನ್ನೊಂದಿದೆ: ಜಾಗ ಕಾಯುವುದು. ಆರನೇ ವರ್ಷಕ್ಕೆ ಈ ಹಲ್ಲಿನ ಹಿಂದೆ ಮೊದಲ ಶಾಶ್ವತ ದವಡೆ ಹಲ್ಲು ಮೂಡುತ್ತದೆ. ಅದಕ್ಕೆ ದಾರಿ ಬಿಡಲು ಯಾವ ಹಾಲುಹಲ್ಲೂ ಬೀಳಬೇಕಿಲ್ಲವಾದ್ದರಿಂದ, ಅದು ಶಾಶ್ವತ ಹಲ್ಲೆಂಬುದೇ ಎಷ್ಟೋ ಮನೆಗಳಲ್ಲಿ ಗೊತ್ತಿರುವುದಿಲ್ಲ. ಮುಂದಿರುವ ಹಾಲುಹಲ್ಲನ್ನು ಬೇಗ ಕಿತ್ತರೆ ಈ ದೊಡ್ಡ ಹಲ್ಲು ಮುಂದಕ್ಕೆ ಜರುಗಿ ಬರುತ್ತದೆ. ಹತ್ತು ಹನ್ನೊಂದನೇ ವರ್ಷಕ್ಕೆ ಮೇಲೆ ಬರಬೇಕಾದ ಹಲ್ಲಿಗೆ ಜಾಗ ಸಿಗದೆ ಅದು ಅಡ್ಡಡ್ಡ ಮೂಡುತ್ತದೆ, ಇಲ್ಲವೇ ಒಳಗೇ ಸಿಕ್ಕಿಬೀಳುತ್ತದೆ. ಮುಂದೆ ತಂತಿ ಕಟ್ಟಿಸುವ ಖರ್ಚಿನ ಒಂದು ಮೂಲ ಇಲ್ಲಿದೆ.

ಇನ್ನು ಕೀವು. ಹಾಲುಹಲ್ಲಿನ ಬುಡದಲ್ಲಿ ಕೀವು ಕಟ್ಟಿ ತಿಂಗಳುಗಟ್ಟಲೆ ನಿಂತರೆ, ಅದರ ಕೆಳಗೆ ರೂಪುಗೊಳ್ಳುತ್ತಿರುವ ಶಾಶ್ವತ ಹಲ್ಲಿನ ಎನಾಮೆಲ್‌ಗೆ ಪೆಟ್ಟು ಬೀಳಬಹುದು. ಆ ಹಲ್ಲು ಮುಂದೊಂದು ದಿನ ಹಳದಿ ಕಲೆ ಅಥವಾ ಗುಳಿ ಹೊತ್ತು ಹೊರಬರುತ್ತದೆ. ಕೀವು ದವಡೆ ದಾಟಿ ಮುಖಕ್ಕೆ, ಕುತ್ತಿಗೆಗೆ ಹರಡಿದರೆ ಮಗುವನ್ನು ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ.

ಚಿಕ್ಕ ಹಲ್ಲು, ದೊಡ್ಡ ತಿರುಳು

ಹಲ್ಲಿನ ಹೊರಪದರ ಎನಾಮೆಲ್, ಅದರೊಳಗೆ ಸ್ವಲ್ಪ ಮೆದುವಾದ ಡೆಂಟಿನ್, ನಟ್ಟನಡುವೆ ತಿರುಳು. ರಕ್ತನಾಳ, ನರ, ಜೀವಕೋಶ ಎಲ್ಲ ತುಂಬಿರುವ ಕೆಂಪು ಅಂಗಾಂಶ ಅದು. ‘ನರ ತೆಗೆಯೋದು’ ಎಂದು ಜನ ಹೇಳುವುದು ಈ ತಿರುಳನ್ನು ತೆಗೆಯುವುದಕ್ಕೇ.

ಹಾಲುಹಲ್ಲಿನ ಎನಾಮೆಲ್ ಶಾಶ್ವತ ಹಲ್ಲಿನದಕ್ಕಿಂತ ಸುಮಾರು ಅರ್ಧದಷ್ಟು ತೆಳು. ಹಲ್ಲಿನ ಗಾತ್ರಕ್ಕೆ ಹೋಲಿಸಿದರೆ ತಿರುಳಿನ ಕೋಣೆ ದೊಡ್ಡದು, ಅದರ ಕೊಂಬುಗಳು ಮೇಲ್ಮೈಗೆ ತೀರ ಹತ್ತಿರ. ಹೊರಗೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಕಂಡರೂ ಒಳಗೆ ಹುಳುಕು ತಿರುಳಿನ ಬಾಗಿಲು ತಟ್ಟುತ್ತಿರಬಹುದು. ಅದರಲ್ಲೂ ಎರಡು ದವಡೆ ಹಲ್ಲುಗಳ ಸಂದಿಯಲ್ಲಿ ಶುರುವಾದ ಹುಳುಕು ಮೇಲಿನಿಂದ ಕಾಣುವುದೇ ಇಲ್ಲ; ಊಟದ ಚೂರು ಪದೇ ಪದೇ ಸಿಕ್ಕಿಕೊಳ್ಳುವುದೇ ಅದರ ಮೊದಲ ಸುಳಿವು.

ಬೇರುಗಳನ್ನೂ ನೋಡಬೇಕು. ಕೆಳದವಡೆಯ ಹಿಂದಿನ ಹಾಲುಹಲ್ಲಿನ ಎರಡು ತೆಳು ಬೇರುಗಳು ಅಗಲಕ್ಕೆ ಕವಲೊಡೆದು, ನಿಂಬೆಹಣ್ಣು ಹಿಡಿದ ಬೆರಳುಗಳಂತೆ, ನಡುವೆ ಮುಂದಿನ ಶಾಶ್ವತ ಹಲ್ಲಿನ ಮೊಳಕೆಯನ್ನು ಇಟ್ಟುಕೊಂಡಿರುತ್ತವೆ. ಆ ಮೊಳಕೆ ಬೆಳೆದು ಮೇಲೇರಿದಂತೆ ಹಾಲುಹಲ್ಲಿನ ಬೇರು ತಾನಾಗಿ ಕರಗುತ್ತಾ ಹೋಗುತ್ತದೆ. ದೊಡ್ಡವರ ಬೇರು ಚಿಕಿತ್ಸೆಯನ್ನು ಹಾಗೆಯೇ ಮಕ್ಕಳಿಗೆ ಮಾಡಲಾಗದಿರುವುದಕ್ಕೆ ಇದೇ ಕಾರಣ. ಕರಗುವ ಬೇರಿನೊಳಗೆ ಕರಗದ ವಸ್ತು ತುಂಬುವಂತಿಲ್ಲ, ತುದಿ ದಾಟಿ ಉಪಕರಣ ತೂರಿಸಿ ಮೊಳಕೆಗೆ ಗಾಯ ಮಾಡುವಂತೆಯೂ ಇಲ್ಲ.

ಹಳ್ಳಿ ಪೇಟೆ ಎನ್ನದೆ ‘ಹಲ್ಲಿನೊಳಗೆ ಹುಳ’ ಎಂಬ ನಂಬಿಕೆ ಇನ್ನೂ ಇದೆ. ಜಾತ್ರೆಗಳಲ್ಲಿ ಹೊಗೆ ಹಾಕಿ ಹುಳ ಬೀಳಿಸಿ ತೋರಿಸುವವರೂ ಇದ್ದರು. ಹಲ್ಲಿನಲ್ಲಿ ಹುಳವಿಲ್ಲ. ಸಕ್ಕರೆ ತಿಂದು ಆಮ್ಲ ಬಿಡುವ ಬ್ಯಾಕ್ಟೀರಿಯಾಗಳಿವೆ, ಆ ಆಮ್ಲಕ್ಕೆ ಹಲ್ಲಿನ ಖನಿಜ ಕರಗುತ್ತದೆ, ಅಷ್ಟೇ.

ನೋವಿನ ಬಗೆಯಲ್ಲೇ ರೋಗದ ಗುರುತು

ಒಳ್ಳೆಯ ಮಕ್ಕಳ ದಂತವೈದ್ಯರು ಮೊದಲು ಕೇಳುವುದು ನೋವಿನ ವಿಚಾರ. ಐಸ್‌ಕ್ರೀಂ, ಸಿಹಿ ತಾಗಿದಾಗ ಚುಳ್ ಎಂದು ಹಿಂದೆಯೇ ಹೋಗುತ್ತದೆಯೇ? ಹಾಗಿದ್ದರೆ ತಿರುಳು ಕೆರಳಿದೆ, ಆದರೆ ಸುಧಾರಿಸಿಕೊಳ್ಳುವ ಶಕ್ತಿ ಉಳಿದಿದೆ. ಏನೂ ತಿನ್ನದಿದ್ದಾಗಲೂ ತಾನಾಗಿ ನೋವು ಬರುತ್ತದೆಯೇ, ಮಗು ನಿದ್ದೆಯಿಂದ ಏಳುತ್ತದೆಯೇ? ಆಗ ತಿರುಳಿನ ಉರಿಯೂತ ಹಿಂತಿರುಗಲಾರದ ಹಂತ ಮುಟ್ಟಿರುವ ಸಂಭವವೇ ಹೆಚ್ಚು.

ಮೂರನೆಯ ಹಂತ ಎಲ್ಲಕ್ಕಿಂತ ಮೋಸದ್ದು. ತಿರುಳು ಪೂರ್ತಿ ಸತ್ತರೆ ನೋವು ನಿಲ್ಲುತ್ತದೆ. ‘ಲವಂಗಕ್ಕೇ ವಾಸಿಯಾಯಿತು’ ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಒಳಗೆ ಸೋಂಕು ಬೇರಿನತ್ತ ಇಳಿಯುತ್ತಿರುತ್ತದೆ. ಕೆಲವು ವಾರಗಳಲ್ಲಿ ವಸಡಿನ ಮೇಲೆ ಕೀವಿನ ಗುಳ್ಳೆ ಕಾಣಿಸಿಕೊಂಡು, ಒಡೆದು, ಮತ್ತೆ ಏಳುತ್ತದೆ.

ಇದೆಲ್ಲದರ ಜೊತೆ ಎಕ್ಸ್‌ರೇ ಬೇಕೇ ಬೇಕು. ಹಾಲುಹಲ್ಲಿನಲ್ಲಿ ತಿರುಳಿನ ಕೋಣೆಯ ತಳದಿಂದ ಬೇರುಗಳ ಕವಲಿಗೆ ತೆರೆದುಕೊಳ್ಳುವ ಸಣ್ಣ ಸಣ್ಣ ನಾಳಗಳಿರುತ್ತವೆ. ಹಾಗಾಗಿ ಸೋಂಕಿನ ಕಪ್ಪು ನೆರಳು ಬೇರಿನ ತುದಿಗಿಂತ ಮೊದಲು ಕವಲಿನ ನಡುವೆಯೇ ಕಾಣುತ್ತದೆ. ಆ ನೆರಳು ಇದೆಯೋ ಇಲ್ಲವೋ, ಬೇರು ಎಷ್ಟು ಉಳಿದಿದೆ, ಹಲ್ಲು ಬೀಳಲು ಎಷ್ಟು ಕಾಲವಿದೆ ಎಂಬುದೆಲ್ಲ ಅಲ್ಲೇ ತಿಳಿಯಬೇಕು. ಎಕ್ಸ್‌ರೇ ಇಲ್ಲದೆ ತಿರುಳು ಚಿಕಿತ್ಸೆಗೆ ಕೈಹಾಕುವುದನ್ನು ಪೋಷಕರು ಪ್ರಶ್ನಿಸಬೇಕು.

ಹುಳುಕನ್ನೆಲ್ಲ ಕೆರೆಯಬೇಕಿಲ್ಲ

ಹಿಂದಿನ ತಲೆಮಾರಿನ ವೈದ್ಯರು ಕಲಿತದ್ದು ಹುಳುಕಿನ ಕೊನೆಯ ಕಣವನ್ನೂ ಕೆರೆದು ತೆಗೆಯಬೇಕೆಂದು. ಆಳದ ಹುಳುಕಿನಲ್ಲಿ ಹಾಗೆ ಕೆರೆಯುತ್ತಾ ಹೋದರೆ ತಿರುಳು ತೆರೆದುಕೊಳ್ಳುತ್ತದೆ; ಉಳಿಯಬಹುದಾಗಿದ್ದ ತಿರುಳಿಗೆ ಚಿಕಿತ್ಸೆಯೇ ಗಾಯ ಮಾಡಿದಂತಾಗುತ್ತದೆ. ಈಗಿನ ತಿಳಿವಳಿಕೆ ಇದಕ್ಕೆ ತದ್ವಿರುದ್ಧ. ತಿರುಳು ಕೆರಳಿದ್ದರೂ ಆರೋಗ್ಯವಾಗಿದ್ದರೆ, ಅದಕ್ಕೆ ತಾಗಿಕೊಂಡಿರುವ ತಳದ ಹುಳುಕಿನ ತೆಳು ಪದರವನ್ನು ಮುಟ್ಟದೆ ಬಿಟ್ಟು, ಅಂಚುಗಳನ್ನು ಮಾತ್ರ ಚೊಕ್ಕಟ ಮಾಡಿ, ಗಾಳಿ ನೀರು ಆಡದಂತೆ ಮುಚ್ಚುತ್ತಾರೆ. ಆಹಾರ ಸಿಗದೆ ಒಳಗಿನ ಬ್ಯಾಕ್ಟೀರಿಯಾ ಕ್ಷೀಣಿಸುತ್ತವೆ. ಮೆದುವಾಗಿದ್ದ ಡೆಂಟಿನ್ ಮತ್ತೆ ಗಟ್ಟಿಯಾಗುತ್ತದೆ. ತಿರುಳು ತನ್ನ ಕಡೆಯಿಂದ ಹೊಸ ಡೆಂಟಿನ್ ಕಟ್ಟಿಕೊಳ್ಳುತ್ತದೆ. ಚೀಟಿಯಲ್ಲಿ ಇದಕ್ಕೆ ‘ಐಪಿಟಿ’ ಅಥವಾ ‘ಇಂಡೈರೆಕ್ಟ್ ಪಲ್ಪ್ ಕ್ಯಾಪಿಂಗ್’ ಎಂದಿರುತ್ತದೆ.

ಇದೇ ಯೋಚನೆಯನ್ನು ಇನ್ನೂ ಮುಂದಕ್ಕೆ ಒಯ್ದವರು ಸ್ಕಾಟ್ಲೆಂಡಿನ ದಂತವೈದ್ಯೆ ನಾರ್ನಾ ಹಾಲ್. ಹುಳುಕಾದ ದವಡೆ ಹಲ್ಲಿಗೆ ಇಂಜೆಕ್ಷನ್ ಇಲ್ಲದೆ, ಕೊರೆಯದೆ, ಹುಳುಕನ್ನು ಮುಟ್ಟದೆ, ನೇರವಾಗಿ ಸ್ಟೀಲ್ ಕ್ಯಾಪ್ ಒಳಗೆ ಸಿಮೆಂಟ್ ತುಂಬಿ ಕೂರಿಸುವುದು ಅವರ ಕ್ರಮ. ಮಗುವೇ ಕಚ್ಚಿ ಕ್ಯಾಪನ್ನು ಕೆಳಕ್ಕೆ ಒತ್ತುತ್ತದೆ. ಕೆಲವು ದಿನ ಕಚ್ಚುವಾಗ ಎತ್ತರವೆನಿಸಿ, ಆಮೇಲೆ ಸರಿಹೋಗುತ್ತದೆ. ಕೇಳಿದವರಿಗೆ ಇದು ಹುಳುಕನ್ನು ಮುಚ್ಚಿಟ್ಟಂತೆ ತೋರುವುದು ಸಹಜ. ಸ್ಕಾಟ್ಲೆಂಡಿನ ಸಾಮಾನ್ಯ ಕ್ಲಿನಿಕ್‌ಗಳಲ್ಲಿ ನಡೆದ ಹೋಲಿಕೆಯ ಅಧ್ಯಯನದಲ್ಲಿ ಐದು ವರ್ಷದ ಹೊತ್ತಿಗೆ ಕೀವು, ತಿರುಳಿನ ಉರಿಯೂತದಂಥ ದೊಡ್ಡ ವೈಫಲ್ಯ ಕಂಡದ್ದು ಈ ವಿಧಾನದಲ್ಲಿ ಶೇ 3ರಷ್ಟು, ಮಾಮೂಲಿ ಫಿಲ್ಲಿಂಗ್‌ಗಳಲ್ಲಿ ಶೇ 16.5ರಷ್ಟು. ಆದರೆ ಷರತ್ತು ಕಟ್ಟುನಿಟ್ಟು. ತಾನಾಗಿ ನೋವು ಬರುವ, ಕೀವು ಕಂಡಿರುವ ಹಲ್ಲಿಗೆ ಇದು ಸಲ್ಲದು.

ತಿರುಳಿನ ಮೇಲ್ಭಾಗ ಮಾತ್ರ

ಹುಳುಕು ತೆಗೆಯುವಾಗ ತಿರುಳು ತೆರೆದುಕೊಂಡಿತು, ಆದರೆ ಬೇರಿನೊಳಗಿನ ತಿರುಳು ಇನ್ನೂ ಚೆನ್ನಾಗಿದೆ ಎಂದಾದರೆ ಮಾಡುವುದು ಪಲ್ಪೋಟಮಿ. ಮಕ್ಕಳ ದಂತವೈದ್ಯದಲ್ಲಿ ಹೆಚ್ಚು ಅಧ್ಯಯನಕ್ಕೆ ಒಳಗಾದ ತಿರುಳು ಚಿಕಿತ್ಸೆ ಇದು. ಕುರ್ಚಿಯಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಿದರೆ ಅದರ ತರ್ಕ ಅರ್ಥವಾಗುತ್ತದೆ.

ಮೊದಲು ವಸಡಿಗೆ ಮರಗಟ್ಟಿಸುವ ಜೆಲ್, ನಂತರ ಇಂಜೆಕ್ಷನ್. ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟುತ್ತಾರೆ, ಬಾಯಿಯ ಎಂಜಲು ಒಳಗೆ ಇಳಿಯದಿರಲೆಂದು. ಹುಳುಕು ತೆಗೆದು ತಿರುಳಿನ ಕೋಣೆಯ ಚಾವಣಿಯನ್ನು ಪೂರ್ತಿ ಬಿಚ್ಚಿದಾಗ ಕೆಂಪು ತಿರುಳು ಕಾಣುತ್ತದೆ. ಚೂಪಾದ ಪುಟ್ಟ ಚಮಚದಂಥ ಉಪಕರಣದಿಂದಲೋ ಕೊರೆಯುವ ಬರ್‌ನಿಂದಲೋ ಆ ಕೋಣೆಯಲ್ಲಿರುವ ತಿರುಳನ್ನಷ್ಟೇ ಬೇರಿನ ಬಾಯಿಯವರೆಗೆ ಕತ್ತರಿಸಿ ತೆಗೆಯುತ್ತಾರೆ. ರಕ್ತ ಬರುತ್ತದೆ. ಒದ್ದೆ ಹತ್ತಿಯ ಉಂಡೆಯನ್ನು ಒತ್ತಿ ಹಿಡಿದು ಕಾಯುತ್ತಾರೆ.

ಆ ಕೆಲವು ನಿಮಿಷಗಳೇ ಇಡೀ ಚಿಕಿತ್ಸೆಯ ತೀರ್ಮಾನದ ಹೊತ್ತು. ಐದು ನಿಮಿಷದೊಳಗೆ ರಕ್ತ ನಿಂತರೆ ಬೇರಿನ ತಿರುಳು ಆರೋಗ್ಯವಾಗಿದೆ ಎಂದು ಲೆಕ್ಕ. ಕಡುಗೆಂಪು ರಕ್ತ ಜಿನುಗುತ್ತಲೇ ಇದ್ದರೆ ಉರಿಯೂತ ಬೇರಿನೊಳಗೂ ಇಳಿದಿದೆ. ಅಲ್ಲಿಗೆ ಪಲ್ಪೋಟಮಿ ಬಿಟ್ಟು ಪೂರ್ತಿ ತಿರುಳು ತೆಗೆಯುವ ಪಲ್ಪೆಕ್ಟಮಿಗೆ ಹೋಗಬೇಕು. ಹೇಳಿದ್ದೊಂದು ಮಾಡಿದ್ದೊಂದು ಎಂದು ಕೆಲವೊಮ್ಮೆ ಪೋಷಕರಿಗೆ ಅನಿಸುವುದು ಇದರಿಂದಲೇ. ಚಿಕಿತ್ಸೆಯ ನಡುವೆ ಯೋಜನೆ ಬದಲಾಗಬಹುದು, ಖರ್ಚೂ ಬದಲಾಗಬಹುದು ಎಂಬುದನ್ನು ವೈದ್ಯರು ಮೊದಲೇ ತಿಳಿಸಿಬಿಟ್ಟರೆ ಅರ್ಧ ಅನುಮಾನ ಅಲ್ಲೇ ಕಳೆಯುತ್ತದೆ.

ರಕ್ತ ನಿಂತ ಮೇಲೆ ಬೇರಿನ ಬಾಯಿಗಳ ಮೇಲೆ ಔಷಧ ಇಟ್ಟು, ಅದರ ಮೇಲೆ ಸಿಮೆಂಟ್ ತುಂಬಿ, ಸ್ಟೀಲ್ ಕ್ಯಾಪ್ ಕೂರಿಸುತ್ತಾರೆ. ಹಲ್ಲು ಬೇರಿನಲ್ಲಿ ಜೀವಂತವಾಗಿಯೇ ಉಳಿದು, ತನ್ನ ಕಾಲಕ್ಕೆ ತಾನು ಬೀಳುತ್ತದೆ.

ನೂರು ವರ್ಷದ ಔಷಧದ ಹುಡುಕಾಟ

ಬೇರಿನ ಬಾಯಿಯ ಮೇಲೆ ಇಡುವ ಆ ಔಷಧ ಯಾವುದು ಎಂಬುದರ ಸುತ್ತಲೇ ಒಂದು ಶತಮಾನದ ಚರ್ಚೆ ನಡೆದಿದೆ.

1904ರಲ್ಲಿ ಅಮೆರಿಕದ ಬಕ್ಲಿ ಎಂಬವರು ಫಾರ್ಮಾಲ್ಡಿಹೈಡ್ ಮತ್ತು ಕ್ರೆಸಾಲ್ ಬೆರೆಸಿದ ಫಾರ್ಮೊಕ್ರೆಸಾಲ್ ಬಳಕೆಗೆ ತಂದರು. 1930ರ ಸುಮಾರಿಗೆ ಸ್ವೀಟ್ ಎಂಬ ವೈದ್ಯರು ಅದನ್ನು ಹಾಲುಹಲ್ಲಿನ ಪಲ್ಪೋಟಮಿಗೆ ಒಗ್ಗಿಸಿದರು. ತಿರುಳಿನ ಮೇಲ್ಪದರವನ್ನು ಅದು ಕೊಳೆಯದಂತೆ ಸ್ಥಿರಗೊಳಿಸುತ್ತಿತ್ತು. ಅಗ್ಗ, ಬೇಗ ಮುಗಿಯುವ ಕೆಲಸ, ಫಲಿತಾಂಶವೂ ಚೆನ್ನಾಗಿತ್ತು. ದಶಕಗಟ್ಟಲೆ ಅದೇ ರಾಜನಾಗಿ ಉಳಿಯಿತು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಫಾರ್ಮಾಲ್ಡಿಹೈಡನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. ಹಲ್ಲಿಗೆ ಬಳಸುವ ಪ್ರಮಾಣ ಹತ್ತಿಗೆ ತಾಗಿದ ಒಂದು ತೊಟ್ಟಿಗಿಂತ ಕಡಿಮೆ; ಹಿಂದೆ ಈ ಚಿಕಿತ್ಸೆ ಪಡೆದವರು ಗಾಬರಿಯಾಗಬೇಕಿಲ್ಲ. ಹಾಗೆಂದು, ಅದಕ್ಕಿಂತ ಒಳ್ಳೆಯದು ಕೈಗೆ ಸಿಗುವಾಗ ಮಗುವಿನ ಹಲ್ಲಿಗೆ ಅದನ್ನೇ ಇಡಬೇಕಾದ ಕಾರಣವೂ ಇಲ್ಲ.

ನಡುವೆ ಬೇರೆ ಔಷಧಗಳೂ ಬಂದವು. ದೊಡ್ಡವರ ಹಲ್ಲಿನಲ್ಲಿ ಹೆಸರು ಮಾಡಿದ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಹಾಲುಹಲ್ಲಿನ ಪಲ್ಪೋಟಮಿಯಲ್ಲಿ ಸೋತಿತು. ಬೇರು ಒಳಗಿನಿಂದಲೇ ಕರಗಲು ಶುರುವಾಗುತ್ತಿತ್ತು. ರಕ್ತ ನಿಲ್ಲಿಸುವ ಫೆರಿಕ್ ಸಲ್ಫೇಟ್ ಸುಮಾರಾಗಿ ಒಗ್ಗಿತು, ಬೆಲೆಯೂ ಕಡಿಮೆ.

ದಾರಿ ಬದಲಾದದ್ದು 1990ರ ದಶಕದಲ್ಲಿ. ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ಮಹ್ಮೂದ್ ತೊರಾಬಿನೆಜಾದ್ ಮತ್ತು ಸಂಗಡಿಗರು ಎಂಟಿಎ ಎಂಬ ಪುಡಿ ರೂಪಿಸಿದರು. ಮನೆ ಕಟ್ಟುವ ಪೋರ್ಟ್‌ಲ್ಯಾಂಡ್ ಸಿಮೆಂಟೇ ಅದರ ಮೂಲದ್ರವ್ಯ. ಶುದ್ಧೀಕರಿಸಿ, ಎಕ್ಸ್‌ರೇಯಲ್ಲಿ ಕಾಣಲೆಂದು ಬಿಸ್ಮತ್ ಆಕ್ಸೈಡ್ ಬೆರೆಸಿದ್ದು. ತೇವವಿದ್ದಲ್ಲೇ ಗಟ್ಟಿಯಾಗುವುದು ಇದರ ದೊಡ್ಡ ಗುಣ. ಹಳೆಯ ಔಷಧ ತಿರುಳನ್ನು ನಿಶ್ಚೇಷ್ಟಗೊಳಿಸಿ ಇಡುತ್ತಿತ್ತು, ಎಂಟಿಎ ಕೆಳಗೆ ತಿರುಳು ತಾನೇ ಡೆಂಟಿನ್‌ನ ಸೇತುವೆ ಕಟ್ಟಿ ಗಾಯ ಮುಚ್ಚಿಕೊಳ್ಳುತ್ತದೆ. ದೋಷವೂ ಉಂಟು. ದುಬಾರಿ, ಗಟ್ಟಿಯಾಗಲು ಗಂಟೆಗಳು ಬೇಕು, ಹಲ್ಲು ಬೂದುಬಣ್ಣಕ್ಕೆ ತಿರುಗುತ್ತದೆ. ಮೇಲೆ ಸ್ಟೀಲ್ ಕ್ಯಾಪ್ ಬರುವ ದವಡೆ ಹಲ್ಲಿಗೆ ಬಣ್ಣದ ಚಿಂತೆ ಅಷ್ಟಿಲ್ಲ. ನಂತರ ಬಂದ ಬಯೋಡೆಂಟಿನ್ ಇದೇ ಜಾತಿಯದು, ಹನ್ನೆರಡು ನಿಮಿಷದ ಸುಮಾರಿಗೆ ಗಟ್ಟಿಯಾಗುತ್ತದೆ.

ತಿರುಳು ಸತ್ತಿದ್ದರೆ

ಬೇರಿನ ತಿರುಳೂ ಕೊಳೆತಿದ್ದರೆ ಪಲ್ಪೆಕ್ಟಮಿ, ಅಂದರೆ ಮಕ್ಕಳ ರೂಟ್ ಕೆನಾಲ್. ಕೂದಲೆಳೆಯಂಥ ನಾಳಗಳನ್ನು ಫೈಲ್‌ಗಳಿಂದ ಉಜ್ಜಿ, ತೊಳೆದು, ಪೇಸ್ಟ್ ತುಂಬುತ್ತಾರೆ. ದೊಡ್ಡವರಿಗೆ ತುಂಬುವ ಗಟ್ಟಾ ಪರ್ಚಾ ಇಲ್ಲಿ ಬರುವುದಿಲ್ಲ. ಬೇರು ಕರಗಿದಂತೆ ಪೇಸ್ಟೂ ಕರಗಬೇಕು. ಹಳೆಯ ನೆಚ್ಚಿನ ಜಿಂಕ್ ಆಕ್ಸೈಡ್ ಯೂಜೆನಾಲ್ ಸ್ವಲ್ಪ ನಿಧಾನ ಕರಗಿ ಕೆಲವೊಮ್ಮೆ ಚೂರು ಉಳಿಯುತ್ತದೆ. ಅಯೊಡೊಫಾರ್ಮ್ ಇರುವ ಪೇಸ್ಟುಗಳು ಬೇರಿಗಿಂತ ಮುಂಚೆಯೇ ಕರಗಿಹೋಗಬಹುದು. ಅಂದಹಾಗೆ, ಯೂಜೆನಾಲ್ ಬರುವುದು ಲವಂಗದ ಎಣ್ಣೆಯಿಂದ. ನೋವು ತಣಿಸುವ ಅದರ ಗುಣವನ್ನು ಅಜ್ಜಿಯರು ಸರಿಯಾಗಿಯೇ ಗುರುತಿಸಿದ್ದರು. ಸೋಂಕನ್ನು ಹೊರಹಾಕುವ ಕೆಲಸ ಮಾತ್ರ ಅದರಿಂದಾಗದು. ಹಸಿ ಎಣ್ಣೆಯನ್ನು ಮಗುವಿನ ವಸಡಿಗೆ ಸವರಿದರೆ ಸುಡುತ್ತದೆ, ಅದು ಬೇಡ.

ಬೇರು ಆಗಲೇ ಕರಗತೊಡಗಿದ್ದು, ಆದರೂ ಹಲ್ಲನ್ನು ಇನ್ನೊಂದಷ್ಟು ಕಾಲ ಉಳಿಸಿಕೊಳ್ಳಬೇಕಿದ್ದರೆ ಜಪಾನಿನ ನಿಗಾಟಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ವಿಧಾನವೊಂದಿದೆ. ನಾಳಗಳನ್ನು ಉಜ್ಜದೆ, ಮೂರು ಆ್ಯಂಟಿಬಯಾಟಿಕ್‌ಗಳ ಮುದ್ದೆಯನ್ನು ತಿರುಳಿನ ಕೋಣೆಯಲ್ಲಿಟ್ಟು ಮುಚ್ಚುವುದು. ಅಮೆರಿಕದ ಮಕ್ಕಳ ದಂತವೈದ್ಯ ಅಕಾಡೆಮಿ 2020ರ ಮಾರ್ಗಸೂಚಿಯಲ್ಲಿ ಇದನ್ನು ಸುಮಾರು ಒಂದು ವರ್ಷದವರೆಗೆ ಹಲ್ಲು ಉಳಿಸಿಕೊಳ್ಳುವ ಸಂದರ್ಭಕ್ಕೆ ಹೇಳಿದೆ. ಬೇರು ಗಟ್ಟಿಯಿದ್ದರೆ ಪಲ್ಪೆಕ್ಟಮಿಯೇ ಮೇಲು.

ಕೀಳಿಸುವುದೇ ಸರಿಯಾದ ಸಂದರ್ಭಗಳೂ ಇವೆ. ಮುಖ ಊದಿ ಜ್ವರ ಬಂದಿದ್ದರೆ, ಕಟ್ಟಲು ಹಲ್ಲಿನ ಗೋಡೆಯೇ ಉಳಿದಿಲ್ಲದಿದ್ದರೆ, ಸೋಂಕು ಶಾಶ್ವತ ಹಲ್ಲಿನ ಮೊಳಕೆಯನ್ನು ಮುಟ್ಟಿದ್ದರೆ ಉಳಿಸುವ ಹಟ ತರವಲ್ಲ. ಹುಟ್ಟಿನಿಂದ ಹೃದಯದ ತೊಂದರೆ ಇರುವ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಕ್ಕಳ ಸತ್ತ ತಿರುಳಿನ ಹಲ್ಲನ್ನು ಉಳಿಸಿ ಸೋಂಕಿನ ಅಪಾಯ ತಂದುಕೊಳ್ಳುವುದಕ್ಕಿಂತ ತೆಗೆಸುವುದು ಕ್ಷೇಮ. ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ಇದ್ದರೆ ಲೆಕ್ಕ ತಿರುಗುಮುರುಗು. ಕೀಳದೆ ಉಳಿಸುವ ಪ್ರಯತ್ನ ಮೊದಲು. ಇಂಥ ಕಾಯಿಲೆಗಳನ್ನು ‘ಹಲ್ಲಿಗೂ ಅದಕ್ಕೂ ಏನು ಸಂಬಂಧ’ ಎಂದು ಮುಚ್ಚಿಡದೆ ಮೊದಲೇ ಹೇಳಬೇಕು. ದವಡೆ ಹಲ್ಲು ಬೇಗ ಕಿತ್ತರೆ ಜಾಗ ಕಾಯುವ ತಂತಿಯ ಪಟ್ಟಿ, ಅಂದರೆ ಸ್ಪೇಸ್ ಮೇಂಟೇನರ್, ಹಾಕಿಸುವುದನ್ನೂ ಮರೆಯಬಾರದು.

ಹಾಗಾದರೆ ಯಾವುದು ಮೇಲು?

ವೈದ್ಯಕೀಯ ಪುರಾವೆಗಳನ್ನು ಜರಡಿ ಹಿಡಿಯುವ ಕೊಕ್ರೇನ್ ಸಂಸ್ಥೆ 2018ರಲ್ಲಿ ಹಾಲುಹಲ್ಲಿನ ತಿರುಳು ಚಿಕಿತ್ಸೆ ಕುರಿತ 87 ಪ್ರಯೋಗಗಳನ್ನು, ಅಂದರೆ ಏಳು ಸಾವಿರಕ್ಕೂ ಹೆಚ್ಚು ಹಲ್ಲುಗಳ ಫಲಿತಾಂಶವನ್ನು, ಒಟ್ಟಿಗೆ ಇಟ್ಟು ನೋಡಿತು. ಪಲ್ಪೋಟಮಿಗೆ ಎಂಟಿಎ ಎಲ್ಲಕ್ಕಿಂತ ಪರಿಣಾಮಕಾರಿ ಇರಬಹುದು, ಪಲ್ಪೆಕ್ಟಮಿಗೆ ಯಾವ ಪೇಸ್ಟ್ ಉತ್ತಮ ಎಂಬ ಪುರಾವೆ ಇನ್ನೂ ದುರ್ಬಲ ಎಂಬುದು ಅದರ ಸಾರ. ಆ ವರದಿಯಲ್ಲಿ ನನಗೆ ಇದಕ್ಕಿಂತ ಮುಖ್ಯವೆನಿಸಿದ್ದು ಇನ್ನೊಂದು ಮಾತು: ತಿರುಳು ಚಿಕಿತ್ಸೆಗಳು ಒಟ್ಟಾರೆ ಯಶಸ್ವಿಯಾಗುತ್ತವೆ, ಎಷ್ಟೋ ಪ್ರಯೋಗಗಳಲ್ಲಿ ಎರಡೂ ಗುಂಪಿನ ಮಕ್ಕಳಲ್ಲಿ ಒಂದು ಹಲ್ಲೂ ಮೇಲ್ನೋಟಕ್ಕೆ ಕೆಡಲಿಲ್ಲ.

2017ರಲ್ಲಿ ಅಮೆರಿಕದ ತಜ್ಞರು ನಡೆಸಿದ ಮತ್ತೊಂದು ವಿಮರ್ಶೆ ಎರಡು ವರ್ಷಗಳ ಫಲಿತಾಂಶ ಕೊಡುತ್ತದೆ. ತಿರುಳನ್ನು ಮುಟ್ಟದ ಐಪಿಟಿ ಶೇ 94ರಷ್ಟು ಹಲ್ಲುಗಳಲ್ಲಿ ಫಲಿಸಿತ್ತು, ಎಲ್ಲ ಬಗೆಯ ಪಲ್ಪೋಟಮಿ ಸೇರಿ ಶೇ 83ರ ಸುಮಾರು. ಪಲ್ಪೋಟಮಿಗಳೊಳಗೆ ಎಂಟಿಎ ಬಳಸಿದ್ದು ಶೇ 90ರ ಹತ್ತಿರ, ಫಾರ್ಮೊಕ್ರೆಸಾಲ್ ಶೇ 85ರಷ್ಟು. ಈ ಅಂಕಿಗಳನ್ನು ಪಂದ್ಯದ ಸ್ಕೋರಿನಂತೆ ಓದಬಾರದು. ಐಪಿಟಿ ಪಡೆದ ಹಲ್ಲು ಮೊದಲೇ ಹೆಚ್ಚು ಆರೋಗ್ಯವಾಗಿದ್ದದ್ದು. ಕೀವು ಕಟ್ಟಿದ ಹಲ್ಲಿಗೆ ಐಪಿಟಿ ಮಾಡಿದರೆ ಅದು ಖಂಡಿತ ಸೋಲುತ್ತದೆ.

ನನ್ನ ತೀರ್ಮಾನ ಇಷ್ಟು. ತಿರುಳು ಬದುಕಿದ್ದಷ್ಟೂ ಕಡಿಮೆ ಮುಟ್ಟುವುದು ಹೆಚ್ಚು ಒಳ್ಳೆಯದು. ಆಳದ ಹುಳುಕು ಕಂಡ ಕೂಡಲೇ ‘ರೂಟ್ ಕೆನಾಲ್’ ಎನ್ನುವುದಕ್ಕಿಂತ ಮೊದಲು, ತಿರುಳನ್ನು ಮುಟ್ಟದೆ ಉಳಿಸಲು ಸಾಧ್ಯವೇ ಎಂದು ಯೋಚಿಸುವ ವೈದ್ಯರು ಮಗುವಿಗೆ ಹೆಚ್ಚಿನ ಉಪಕಾರ ಮಾಡುತ್ತಾರೆ. ಅದು ಆಗದಿದ್ದರೆ ಎಂಟಿಎ ಅಥವಾ ಬಯೋಡೆಂಟಿನ್ ಪಲ್ಪೋಟಮಿ, ಅದೂ ಆಗದಿದ್ದರೆ ಪಲ್ಪೆಕ್ಟಮಿ.

ಯಾವ ಚಿಕಿತ್ಸೆ ಮಾಡಿಸಿದರೂ ಕೊನೆಗೆ ಅದು ನಿಲ್ಲುವುದು ಮೇಲಿನ ಮುಚ್ಚಳದ ಭದ್ರತೆಯ ಮೇಲೆ. 1950ರಿಂದ ಬಳಕೆಯಲ್ಲಿರುವ ಸ್ಟೀಲ್ ಕ್ಯಾಪ್ ನೋಡಲು ಚೆಂದವಿಲ್ಲ, ನಿಜ. ಇಡೀ ಹಲ್ಲನ್ನು ಸುತ್ತುವರಿದು ಎಂಜಲು, ಬ್ಯಾಕ್ಟೀರಿಯಾ ನುಸುಳದಂತೆ ಅದು ಕಾಯುವಷ್ಟು ಚೆನ್ನಾಗಿ ದೊಡ್ಡ ಫಿಲ್ಲಿಂಗ್ ಕಾಯುವುದಿಲ್ಲ. ತಿರುಳು ಚಿಕಿತ್ಸೆಗೆ ಹಣ ಕೊಟ್ಟು, ಕ್ಯಾಪನ್ನು ‘ಆಮೇಲೆ ನೋಡೋಣ’ ಎಂದು ಮುಂದೂಡುವುದು ನಮ್ಮಲ್ಲಿ ಸಾಮಾನ್ಯ. ಮಾಡಿಸಿದ ಚಿಕಿತ್ಸೆ ಕೆಟ್ಟುಹೋಗಲು ಅದಕ್ಕಿಂತ ಸುಲಭದ ದಾರಿಯಿಲ್ಲ. ಬಿಳಿಯೇ ಬೇಕೆನ್ನುವವರಿಗೆ ಜಿರ್ಕೋನಿಯಾ ಕ್ಯಾಪ್ ಉಂಟು, ಅದು ದುಬಾರಿ.

ಕುರ್ಚಿಯ ಮುಂದೆ ಕೂತಾಗ

ಪೋಷಕರು ಸಂಕೋಚವಿಲ್ಲದೆ ಕೇಳಬೇಕಾದ ಮಾತುಗಳಿವೆ. ತಿರುಳು ಬದುಕಿದೆಯೇ? ಎಕ್ಸ್‌ರೇಯಲ್ಲಿ ಏನು ಕಾಣುತ್ತಿದೆ, ನನಗೂ ತೋರಿಸುತ್ತೀರಾ? ಈ ಹಲ್ಲು ಇನ್ನೆಷ್ಟು ವರ್ಷ ಇರಬೇಕು? ಒಳಗೆ ಇಡುವ ಔಷಧ ಯಾವುದು? ಕ್ಯಾಪ್ ಈ ದರದಲ್ಲಿ ಸೇರಿದೆಯೇ? ಉತ್ತರ ಕೊಡಲು ಬೇಸರಿಸದ ವೈದ್ಯರೇ ಮಗುವಿನ ಹೆದರಿಕೆಯನ್ನೂ ತಾಳ್ಮೆಯಿಂದ ನಿಭಾಯಿಸುತ್ತಾರೆ. ಚಿಕಿತ್ಸೆಯಾದ ಹಲ್ಲನ್ನು ಆರು ತಿಂಗಳಿಗೊಮ್ಮೆ ತೋರಿಸಬೇಕು. ನೋವಿಲ್ಲದೆಯೂ ಒಳಗೆ ಸೋಂಕು ಮರುಕಳಿಸಬಹುದು.

ಹಲ್ಲುನೋವಿಗೆ ಮೆಡಿಕಲ್ ಶಾಪಿನಿಂದ ಆ್ಯಂಟಿಬಯಾಟಿಕ್ ತಂದು ಕುಡಿಸುವುದನ್ನು ಬಿಡಬೇಕು. ಜ್ವರ, ಊತ ಇಲ್ಲದ ಹಲ್ಲುನೋವಿಗೆ ಅದರಿಂದ ಪ್ರಯೋಜನವಿಲ್ಲ. ಸತ್ತ ತಿರುಳಿನೊಳಗೆ ರಕ್ತವೇ ಹರಿಯದಿರುವಾಗ ಔಷಧ ಅಲ್ಲಿಗೆ ತಲುಪುವುದೂ ಇಲ್ಲ. ರಾತ್ರಿಯ ನೋವಿಗೆ ಮಗುವಿನ ತೂಕಕ್ಕೆ ತಕ್ಕಷ್ಟು ಪ್ಯಾರಾಸಿಟಮಾಲ್ ಕೊಟ್ಟು, ಬೆಳಿಗ್ಗೆ ನೋವು ಇಳಿದಿದ್ದರೂ ಕರೆದುಕೊಂಡು ಹೋಗಬೇಕು. ಕಣ್ಣಿನ ಕೆಳಗೆ ಅಥವಾ ಗದ್ದದ ಕೆಳಗೆ ಊತವಿದ್ದರೆ, ನುಂಗಲು ಉಸಿರಾಡಲು ಕಷ್ಟವಾದರೆ ಬೆಳಗಾಗುವವರೆಗೂ ಕಾಯುವಂತಿಲ್ಲ.

ಖರ್ಚಿನ ಭಯದಿಂದ ಹಿಂಜರಿಯುವ ಮನೆಗಳಿಗೆ ಒಂದು ದಾರಿ ಹತ್ತಿರದಲ್ಲೇ ಇದೆ. ನಮ್ಮ ರಾಜ್ಯದಲ್ಲಿ ದಂತ ವೈದ್ಯಕೀಯ ಕಾಲೇಜುಗಳಿಗೆ ಕೊರತೆಯಿಲ್ಲ. ಬೆಂಗಳೂರಿನ ಕೋಟೆ ಬಳಿಯ ಸರ್ಕಾರಿ ದಂತ ಕಾಲೇಜು, ಮಣಿಪಾಲ, ದಾವಣಗೆರೆ, ಧಾರವಾಡ, ಮೈಸೂರಿನ ಕಾಲೇಜುಗಳಲ್ಲಿ ಮಕ್ಕಳ ದಂತ ವಿಭಾಗಗಳಿವೆ. ಇಂಥ ಕಡೆ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಣೆದುರು ಚಿಕಿತ್ಸೆ ಮಾಡುತ್ತಾರೆ. ಸಮಯ ಹೆಚ್ಚು ಹಿಡಿಯುತ್ತದೆ, ದರ ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಬಹಳ ಕಡಿಮೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬರುವ ತಂಡ ಹಲ್ಲುಗಳನ್ನೂ ನೋಡಬೇಕು. ಅವರು ಬರೆದುಕೊಟ್ಟ ಚೀಟಿಯನ್ನು ಶಾಲೆಯ ಬ್ಯಾಗಿನಲ್ಲೇ ಬಿಡಬೇಡಿ.

ಬ್ರಿಟನ್ನಿನಲ್ಲಿ ಹುಳುಕು ಹಲ್ಲಿದ್ದ ಮೂರರಿಂದ ಏಳು ವರ್ಷದ 1,144 ಮಕ್ಕಳನ್ನು ಸುಮಾರು ಮೂರು ವರ್ಷ ಹಿಂಬಾಲಿಸಿದ ಅಧ್ಯಯನವೊಂದರ ಫಲಿತಾಂಶ 2020ರಲ್ಲಿ ಬಂತು. ಕೊರೆದು ತುಂಬಿದರೂ, ಮುಚ್ಚಿಟ್ಟರೂ, ಬರೀ ಮುಂಜಾಗ್ರತೆ ಹೇಳಿದರೂ ನೂರಕ್ಕೆ ಸುಮಾರು ನಲವತ್ತು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿಗೆ ಆ ಅವಧಿಯಲ್ಲಿ ನೋವೋ ಸೋಂಕೋ ಬಂದೇ ಬಂದಿತ್ತು. ಹುಳುಕು ಒಮ್ಮೆ ನೆಲೆಯೂರಿದ ಮೇಲೆ ಒಳ್ಳೆಯ ಚಿಕಿತ್ಸೆಗೂ ಮಿತಿಯಿದೆ. ಹಾಗಾಗಿ ಮೊದಲ ಹಲ್ಲು ಮೂಡಿದ ದಿನದಿಂದ ಫ್ಲೋರೈಡ್ ಪೇಸ್ಟಿನಿಂದ ಉಜ್ಜಿಸಿ. ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಪೇಸ್ಟ್ ಸಾಕು. ಬಾಯಲ್ಲಿ ಸಿಹಿ ಹಾಲಿನ ಬಾಟಲಿ ಇಟ್ಟು ಮಲಗಿಸಬೇಡಿ. ಮಗುವಿನ ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ದಂತವೈದ್ಯರಿಗೆ ತೋರಿಸಿ, ಆಗ ನೋವೇನೂ ಇಲ್ಲದಿದ್ದರೂ ಸರಿ.